ಬಾಗಿಲ ಹೊರಗಿನ ಬೂಟು

ಮಕ್ಕಳಿಗೆ ಚಿತ್ರಪುಸ್ತಕ ಮಾಡುವ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಗೋಕಾಕದ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿದು, ಕರದಂಟು ತಿಂದ ಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಅಂಗವಿಕಲ ಮಕ್ಕಳ ಚಿತ್ರ ಹೇಗೆ ಬರೆಯಬೇಕು?" ನನಗೆ ಸಿಟ್ಟು ಬರುತ್ತದೆ. ಪೆನ್ಸಿಲಿನಿಂದ ಬರೆಯಿರಿ ಎನ್ನುತ್ತೇನೆ. ಅವರು ನಗುತ್ತಾರೆ, ಆದರೆ ನಾನು ಅರ್ಧ ಮಾತ್ರ ತಮಾಷೆ ಮಾಡಿರುತ್ತೇನೆ. ಉಳಿದ ಅರ್ಧವನ್ನು ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಬರೆಯಲು ಕುಳಿತಿದ್ದೇನೆ.

ನಾನು ಗೋಕಾಕದ ಒಂದು ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ತೊಂಬತ್ತರ ದಶಕದ ನಡುವೆ, ಪೋಲಿಯೊ ಆದ ಮತ್ತು ಕೈಕಾಲು ಊನವಾದ ಮಕ್ಕಳು ಎಲ್ಲರ ಜೊತೆ ಊರ ಶಾಲೆಗೇ ಬರಲಿ ಎಂಬ ಯೋಜನೆಯೊಂದು ಬಂತು. ಅಂಥ ಮಕ್ಕಳ ಬದುಕನ್ನು ತೋರಿಸುವ ಚಿತ್ರಪುಸ್ತಕ ಮಾಡಿ ಶಾಲೆಗಳಿಗೆ ಕೊಡಬೇಕು ಎಂದು ಅದರಲ್ಲಿ ಎಲ್ಲೋ ಒಂದು ಸಾಲು ಇತ್ತು. ಆ ಸಾಲು ನನ್ನ ಕೊರಳಿಗೆ ಬಿತ್ತು. ವಾರದಲ್ಲಿ ಕೆಲವು ದಿನ ಪಾಠ, ಉಳಿದ ದಿನ ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿ ಶಾಲೆಗಳಿಗೆ ಬಸ್ಸಿನಲ್ಲಿ ತಿರುಗಾಟ. ಹೆಗಲಿಗೆ ಬಣ್ಣದ ಡಬ್ಬಿಗಳ ಚೀಲ. ಕಂಡಕ್ಟರುಗಳು ನಾನು ಬಳೆ ಮಾರುವವಳು ಎಂದುಕೊಂಡಿದ್ದರು. ಬಡ್ತಿಯ ವಿಚಾರ ಕೇಳಬೇಡಿ. ಬಂದಾಗ ಬಂತು, ಪಗಾರ ಸ್ವಲ್ಪ ಹೆಚ್ಚಾಯಿತು, ಅಷ್ಟೆ.

ಆ ಯೋಜನೆಯಲ್ಲಿ ನನ್ನ ಮೇಲಿನ ಅಧಿಕಾರಿ ದೇಸಾಯಿ ಸಾಹೇಬರು. ಒಳ್ಳೆಯ ಮನುಷ್ಯ. ಯಾರನ್ನೂ ನಿಲ್ಲಿಸಿ ಮಾತಾಡಿಸಿದವರಲ್ಲ, ಮೊದಲು ಕೂರಿಸಿ ಆಮೇಲೆ ಬೈಯುತ್ತಿದ್ದರು. ಆದರೆ ಪುಸ್ತಕದ ಕೊನೆಯ ಪುಟದ ಬಗ್ಗೆ ಅವರದೊಂದು ಹಟ ಇತ್ತು. ಅಲ್ಲಿ ಎಲ್ಲರೂ ನಗಬೇಕು, ಸೂರ್ಯ ಹುಟ್ಟಬೇಕು, ಸಾಧ್ಯವಾದರೆ ಧ್ವಜವೂ ಹಾರಬೇಕು. ಕಾಲು ಊನವಾದ ಮಗುವಿನ ಕಥೆಯಾದರೆ ಆ ಮಗು ಓಟದಲ್ಲಿ ಗೆಲ್ಲಬೇಕು. "ಟೀಚರ್ ಬಾಯಾರ, ಓದಿದವರಿಗೆ ಹುರುಪು ಬರಬೇಕ್ರಿ" ಎನ್ನುತ್ತಿದ್ದರು. ಹುರುಪು ಯಾರಿಗೆ ಬರಬೇಕು, ಕಾಲಿದ್ದವರಿಗೋ ಇಲ್ಲದವರಿಗೋ ಎಂದು ಕೇಳುವ ಧೈರ್ಯ ನನಗೆ ಬಂದದ್ದು ಬಹಳ ತಡವಾಗಿ.

ನನ್ನ ಮೊದಲ ಪುಸ್ತಕದ ಕಥೆ ಕೇಳಿ. ಮೂಡಲಗಿಯಲ್ಲಿ ಮಲ್ಲಪ್ಪ ಎಂಬ ಹುಡುಗನಿದ್ದ. ಹುಟ್ಟಿನಿಂದಲೇ ಅವನ ಎಡಗೈ ಮೊಣಕೈಗೆ ಮುಗಿದಿತ್ತು. ಅವನಂಥ ಒಬ್ಬ ಹುಡುಗನನ್ನು ಬೇವಿನ ಮರದ ಕೆಳಗೆ ಒಬ್ಬನೇ ಕೂರಿಸಿ, ಉಳಿದವರ ಆಟವನ್ನು ದೂರದಿಂದ ನೋಡುವಂತೆ ಬರೆದೆ. ಮುಖದಲ್ಲಿ ಲೋಕದ ದುಃಖವನ್ನೆಲ್ಲ ತುಂಬಿದೆ. ಬರೆಯುತ್ತ ನನಗೇ ಕಣ್ಣು ಒದ್ದೆಯಾಗಿತ್ತು. ಮಲ್ಲಪ್ಪನಿಗೆ ತೋರಿಸಿದೆ. ಅವನು ಆ ಚಿತ್ರವನ್ನು ಬಹಳ ಹೊತ್ತು ನೋಡಿದ.

"ಅಕ್ಕೋರ, ಇವಂಗ ಹೊಟ್ಟಿ ನೋಯಾಕತ್ತೈತೇನ್ರಿ?"

"ಇಲ್ಲಪಾ. ಅವಂಗ ಬ್ಯಾಸರ ಆಗೈತಿ."

"ಯಾಕ್ರಿ? ಗೋಲಿ ಸೋತಾನ?"

ಅಷ್ಟರಲ್ಲಿ ಹೊರಗಿನಿಂದ ಯಾರೋ ಕೂಗಿದರು, ಅವನು ಚಡ್ಡಿಯ ಕಿಸೆಯಲ್ಲಿ ಗೋಲಿ ಸದ್ದು ಮಾಡುತ್ತ ಓಡಿಹೋದ. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎಂಬುದು ಅರ್ಥವಾಯಿತು. ಮಾರನೆಯ ದಿನ ಬೇರೆ ಹಾಳೆ ತೆಗೆದುಕೊಂಡು ಗೋಲಿ ಆಡುವ ಹುಡುಗನನ್ನು ಬರೆದೆ. ಸಾಹೇಬರು, "ಸರಕಾರಿ ಪುಸ್ತಕದಾಗ ಗೋಲಿ ಆಡೂದು ಕಲಸ್ತೀರೇನ್ರಿ?" ಎಂದು ತಕರಾರು ತೆಗೆದರು. ಲಗೋರಿ ಮಾಡಿ ಕೊಟ್ಟೆ, ಒಪ್ಪಿದರು. ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡೆ. ಯಾವ ಪುಸ್ತಕವನ್ನೂ ನೇರವಾಗಿ ಅಚ್ಚಿಗೆ ಕಳಿಸುತ್ತಿರಲಿಲ್ಲ. ಹಾಳೆಗಳನ್ನು ದಾರದಿಂದ ಹೊಲಿದು ಒಂದು ಕಚ್ಚಾ ಪುಸ್ತಕ ಮಾಡಿ, ತರಗತಿಯಲ್ಲಿ ಮಕ್ಕಳ ಕೈಗೆ ಕೊಟ್ಟು, ಹಿಂದೆ ಕುಳಿತು ಅವರ ಬೆರಳು ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಿದ್ದೆ. ಬೆರಳು ಸುಮ್ಮನೆ ಜಾರಿಕೊಂಡು ಹೋದರೆ ಪುಟ ಸರಿಯಿದೆ ಎಂದು ಅರ್ಥ.

ಹೀಗೆ ಬೆರಳು ಗಟ್ಟಿಯಾಗಿ ನಿಂತ ಒಂದು ಪುಟದ ಬಗ್ಗೆಯೇ ಈ ಬರಹ.

ಕಾಲಿಗೆ ಪೋಲಿಯೊ ಆದ ಮಕ್ಕಳಿಗೆ ಆಗ ಆಸ್ಪತ್ರೆಯಲ್ಲಿ ಕ್ಯಾಲಿಪರ್ ಕೊಡುತ್ತಿದ್ದರು. ತೊಡೆಯಿಂದ ಪಾದದವರೆಗೆ ಎರಡು ಕಬ್ಬಿಣದ ಸಲಾಕೆ, ನಡುವೆ ಚರ್ಮದ ಪಟ್ಟಿಗಳು, ಮೊಣಕಾಲಿನ ಹತ್ತಿರ ಒಂದು ಕೊಂಡಿ, ತುದಿಗೆ ದಪ್ಪನೆಯ ಚರ್ಮದ ಬೂಟು. ಕೊಂಡಿ ಹಾಕಿದರೆ ಕಾಲು ನೆಟ್ಟಗೆ ನಿಲ್ಲುತ್ತದೆ, ತೆಗೆದರೆ ಮಡಚುತ್ತದೆ. ಊರವರು ಆ ಇಡೀ ಸಾಮಾನಿಗೆ ಬೂಟು ಎಂದೇ ಹೇಳುತ್ತಿದ್ದರು. ಅದನ್ನು ಹಾಕಿಕೊಂಡು ಶಾಲೆಗೆ ಹೋಗುವ ಹುಡುಗಿಯ ಕಥೆ ನನ್ನ ಮುಂದಿನ ಪುಸ್ತಕವಾಯಿತು. ಮನೆ, ಬೀದಿ, ಕಬ್ಬಿನ ಗಾಡಿ, ಶಾಲೆಯ ಬಾಗಿಲು, ತರಗತಿ, ಹೀಗೆ ಪುಟಗಳು ಸಾಗುತ್ತಿದ್ದವು.

ಶಾಲೆಯ ಬಾಗಿಲಿನ ಪುಟ ನನಗೆ ಬಹಳ ಹಿಡಿಸಿತ್ತು. ಕೊಣ್ಣೂರಿನ ಶಾಲೆಯೊಂದರ ಮುಂದೆ ಕುಳಿತೇ ಅದನ್ನು ಬರೆದಿದ್ದೆ. ಬಾಗಿಲ ಹೊರಗೆ ಮಕ್ಕಳ ಚಪ್ಪಲಿಗಳು, ಹರಿದದ್ದು, ಉಂಗುಷ್ಠಕ್ಕೆ ಪಿನ್ನು ಚುಚ್ಚಿದ್ದು, ಅಣ್ಣನದನ್ನು ತಮ್ಮ ಹಾಕಿಕೊಂಡು ಬಂದದ್ದು. ಅವುಗಳ ಬಾಜೂಕ್ಕೆ ಗೋಡೆಗೆ ಒರಗಿಸಿದ ಕ್ಯಾಲಿಪರ್. ಮುಂದಿನ ಪುಟದಲ್ಲಿ ಹುಡುಗಿ ಒಳಗೆ ಎಲ್ಲರ ನಡುವೆ ಕುಳಿತು ಪಾಠ ಕೇಳುತ್ತಿದ್ದಾಳೆ. ಎಲ್ಲರ ಪಾದರಕ್ಷೆಗಳ ಸಾಲಿನಲ್ಲಿ ಅವಳದೂ ಒಂದು, ಅವಳು ಎಲ್ಲರಂತೆಯೇ ಎಂದು ಹೇಳುವುದು ನನ್ನ ಉದ್ದೇಶ. ಸಾಹೇಬರು ಆ ಪುಟ ನೋಡಿ, "ಇದು ಚಿತ್ರ ಅಂದ್ರ ಚಿತ್ರ ನೋಡ್ರಿ" ಎಂದರು. ಕಚೇರಿಯ ಎಲ್ಲರೂ ಮೆಚ್ಚಿದರು. ಒಬ್ಬರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಕಾಣುವುದಾದರೂ ಹೇಗೆ? ನಾವೆಲ್ಲ ಹುಟ್ಟಿದಾಗಿನಿಂದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದವರೇ.

ಕಚ್ಚಾ ಪುಸ್ತಕ ಹಿಡಿದು ಹುಕ್ಕೇರಿ ಹತ್ತಿರದ ಹಳ್ಳಿಯೊಂದರ ಶಾಲೆಗೆ ಹೋದೆ. ಅಲ್ಲಿ ನಾಲ್ಕನೇ ತರಗತಿಯಲ್ಲಿ ಕಸ್ತೂರಿ ಎಂಬ ಹುಡುಗಿ ಇದ್ದಳು. ಬಲಗಾಲಿಗೆ ಕ್ಯಾಲಿಪರ್. ಚುರುಕು ಹುಡುಗಿ, ಪದ್ಯ ಹೇಳುವುದರಲ್ಲಿ ಎತ್ತಿದ ಕೈ. ನಾನು ಹೋದಾಗಲೆಲ್ಲ ಅವಳು ಒಳಗೆ ಗೋಣಿ ತಟ್ಟಿನ ಮೇಲೆ ಕುಳಿತಿರುತ್ತಿದ್ದಳು, ನಾನು ಹೊರಡುವಾಗಲೂ ಕುಳಿತೇ ಇರುತ್ತಿದ್ದಳು. ಪುಸ್ತಕ ಅವಳ ಕೈಗೆ ಬಂತು. ಬೀದಿಯ ಪುಟಕ್ಕೆ ನಕ್ಕಳು, ಕಬ್ಬಿನ ಗಾಡಿಗೆ ನಕ್ಕಳು. ಬಾಗಿಲಿನ ಪುಟಕ್ಕೆ ಬೆರಳು ಬಂದು ನಿಂತಿತು. ಮುಂದಿನ ಪುಟ ತಿರುವಿದಳು, ಮತ್ತೆ ಹಿಂದಕ್ಕೆ ಬಂದಳು.

"ಅಕ್ಕೋರ, ಈಕಿ ಬೂಟು ಹೊರಗ ಐತಿ."

"ಹೌದವಾ, ಹೊರಗ ಬಿಟ್ಟಾಳ."

"ಮತ್ತ ಈಕಿ ಒಳಗ ಹೆಂಗ ಬಂದ್ಲು?"

ನಾನು ಚಿತ್ರ ನೋಡಿದೆ, ಅವಳನ್ನು ನೋಡಿದೆ. "ನೀ ಹೆಂಗ ಬರ್ತೀ?" ಎಂದು ಕೇಳಿದೆ.

"ಕುಂತು ಸರಕೋತ ಬರ್ತೇನ್ರಿ."

ಅವಳು ಅದನ್ನು ದೂರಿನಂತೆ ಹೇಳಲಿಲ್ಲ, ನನ್ನ ಪುಸ್ತಕದಲ್ಲಿ ಒಂದು ಪುಟ ಬಿಟ್ಟುಹೋಗಿದೆ ಎಂಬಂತೆ ಹೇಳಿದಳು. ಪಕ್ಕದ ಮಕ್ಕಳೂ ತಲೆಯಾಡಿಸಿದರು. ನಡೆಯುವುದಕ್ಕೆಂದು ಕೊಟ್ಟ ಸಾಮಾನು ಬಾಗಿಲಲ್ಲಿ ನಿಂತಿತ್ತು, ನಡೆಯಬೇಕಾದ ಹುಡುಗಿ ನೆಲದ ಮೇಲೆ ತೆವಳುತ್ತಿದ್ದಳು. ನಾನು ಅದನ್ನೇ ಚಂದವಾಗಿ ಬಣ್ಣ ಹಚ್ಚಿ ತಂದಿದ್ದೆ.

ವಿಚಾರಿಸಿದಾಗ ಇನ್ನೊಂದು ವಿಷಯ ತಿಳಿಯಿತು. ನಾಲ್ಕನೇ ತರಗತಿಯ ಕೋಣೆ ರಸ್ತೆಗೆ ಹತ್ತಿಕೊಂಡೇ ಇತ್ತು. ಹೊಸ್ತಿಲು ದಾಟಿ ಸ್ವಲ್ಪ ಸರಿದರೆ ಅವಳ ಜಾಗ. ಆದರೆ ಐದನೇ ತರಗತಿ ಉದ್ದನೆಯ ಪಡಸಾಲೆಯ ಆ ತುದಿಗೆ. ಪಡಸಾಲೆಯ ಮೆಟ್ಟಿಲಲ್ಲೇ ಎಲ್ಲರೂ ಚಪ್ಪಲಿ ಬಿಡಬೇಕು. ಬೇಸಿಗೆ ರಜೆ ಮುಗಿದರೆ ಕಸ್ತೂರಿ ಐದನೆಯ ತರಗತಿ. ಅವಳ ತಾಯಿ ಸುನಂದಕ್ಕ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಳು. ಮನೆಗೆ ಹೋದಾಗ ನನಗೆ ಮಜ್ಜಿಗೆ ಕೊಟ್ಟು ನೇರವಾಗಿ ಹೇಳಿದಳು.

"ನಾಕನೆತ್ತಕ ಸಾಕ್ರಿ ಅಕ್ಕೋರ. ಮೊದಲ ಸಣ್ಣಾಕಿ ಇದ್ಲು, ನಡೀತು. ಈಗ ದೊಡ್ಡಾಕಿ ಆಗಾಕತ್ತಾಳ. ಅಷ್ಟುದ್ದ ಪಡಸಾಲಿ, ಗಂಡು ಹುಡುಗ್ರು ನಿಂತಿರ್ತಾರ, ಅವರ ಮುಂದ ನನ್ನ ಮಗಳು ನೆಲಾ ಒರಸ್ಕೋತ ಹೋಗೂದು ನನಗ ಆಗಂಗಿಲ್ರಿ."

"ಬೂಟು ಹಾಕ್ಕೊಂಡ ಒಳಗ ಹೋಗ್ಲಿ. ನಾ ಹೆಡ್‌ಮಾಸ್ತರಿಗೆ ಹೇಳ್ತೇನಿ."

"ಮನ್ಯಾಗ ನಾನ ಬಿಡಂಗಿಲ್ಲ, ಸಾಲ್ಯಾಗ ಅವರು ಹೆಂಗ ಬಿಡ್ತಾರ?" ಎಂದಳು.

ಜೈನರ ಮನೆ ಅದು. ಚರ್ಮದ ಬೂಟು ಅಡುಗೆಮನೆಯ ಕಡೆ ಮುಖ ಕೂಡ ಹಾಕುವಂತಿರಲಿಲ್ಲ. ಅಲ್ಲಿಯೂ ಅದು ಹೊರಗೆ ಕಟ್ಟೆಯ ಮೇಲೆಯೇ ಇರುತ್ತಿತ್ತು. ಸುನಂದಕ್ಕನನ್ನು ಕಲ್ಲು ಮನಸ್ಸಿನವಳು ಎನ್ನಬೇಡಿ. ಮಗಳ ಲಂಗದ ಹಿಂಭಾಗ ಸವೆದು ತೂತು ಬಿದ್ದಾಗಲೆಲ್ಲ ಒಳಗಿನಿಂದ ತೇಪೆ ಹಾಕುತ್ತಿದ್ದವಳು ಅವಳೇ, ಹೊರಗೆ ಕಾಣದ ಹಾಗೆ.

ಹೆಡ್‌ಮಾಸ್ತರು ಬಸಗೌಡರು ನಿಯಮದ ಮನುಷ್ಯ. ಗಂಟೆಗೆ ಸರಿಯಾಗಿ ಗಂಟೆ, ಸಾಲಿಗೆ ಸರಿಯಾಗಿ ಸಾಲು. ಐದನೇ ತರಗತಿಗೆ ಕನ್ನಡ ಕಲಿಸುವವರೂ ಅವರೇ. ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು ಗೋಡೆಯ ಮೇಲಿನ ಸರಸ್ವತಿ ಫೋಟೋ ತೋರಿಸಿದರು. "ಆಕಿಗೆ ನೂರಾರು ಹುಡುಗ್ರು ಕೈ ಮುಗೀತಾರ್ರಿ ಅಕ್ಕೋರ. ಒಬ್ಬಾಕಿಗೆ ಬಿಟ್ರ ನಾಳೆ ಎಲ್ಲಾರೂ ಬೂಟು ಹಾಕ್ಕೊಂಡ ಬರ್ತಾರ. ನಾ ಅವರಿಗೆ ಏನ್ ಹೇಳ್ಲಿ? ಕಸ್ತೂರಿ ಮ್ಯಾಲೆ ನನಗ ಸಿಟ್ಟಿಲ್ಲ. ಖರೆ ಹೇಳ್ಬೇಕಂದ್ರ ಆಕಿ ಹಂಗ ಪದ್ಯ ಹೇಳಾಕ ಯಾರಿಗೂ ಬರಂಗಿಲ್ಲ." ಅವರ ದನಿಯಲ್ಲಿ ಬೇಸರ ನಿಜವಾಗಿಯೂ ಇತ್ತು. ನಿಯಮವೂ ಅಷ್ಟೇ ಗಟ್ಟಿಯಾಗಿತ್ತು.

ಊರಿಗೆ ಬಂದು ಪುಟವನ್ನು ತಿದ್ದಿದೆ. ಹುಡುಗಿ ಬೂಟು ಸಮೇತ ತರಗತಿಯೊಳಗೆ ನಡೆದು ಹೋಗುವ ಹಾಗೆ ಬರೆದೆ. ಸಾಹೇಬರು ಕೂರಿಸಿದರು, ಆಮೇಲೆ ಬೈದರು. "ಈ ಚಿತ್ರ ನೋಡಿ ಒಂದು ಊರ ಮಂದಿ ಪುಸ್ತಕ ಸುಟ್ರ ನಾ ಏನ್ ಮಾಡ್ಲಿ? ಮೊದಲಿನ ಪುಟ ಛಲೋ ಇತ್ತಲಾ." ಮೊದಲಿನ ಪುಟ ಸುಳ್ಳು ಎಂದೆ. "ಎಲ್ಲಾ ಚಿತ್ರಾನೂ ಸುಳ್ಳ ಬಿಡ್ರಿ" ಎಂದರು. ಆ ದಿನ ಅವರಿಗೆಂದು ಒಯ್ದಿದ್ದ ಕರದಂಟನ್ನು ಕೊಡದೆ ವಾಪಸ್ಸು ತಂದು ಬಸ್ಸಿನಲ್ಲಿ ನಾನೇ ತಿಂದೆ.

ಬೇಸಿಗೆ ರಜೆಯಲ್ಲಿ ಮತ್ತೊಮ್ಮೆ ಸುನಂದಕ್ಕನ ಮನೆಗೆ ಹೋದೆ. ಹೋಗಿ ಏನು ಹೇಳಬೇಕು ಎಂಬುದು ನನಗೂ ಗೊತ್ತಿರಲಿಲ್ಲ. ಕಟ್ಟೆಯ ಮೇಲೆ ಬೂಟು ನಿಂತಿತ್ತು, ಅದಕ್ಕೆ ಒಂದು ಕುಂಚಿಗಿ ತೊಡಿಸಿತ್ತು. ಕೂಸುಗಳ ತಲೆಗೆ, ಬೆನ್ನಿಗೆ ಬೆಚ್ಚಗಿರಲೆಂದು ಕಟ್ಟುತ್ತೇವಲ್ಲ, ಅದೇ ಕುಂಚಿಗಿ. ಕಸ್ತೂರಿಯ ತಮ್ಮ ಬೆಳೆದು ಅದು ಅವನಿಗೆ ಸಣ್ಣದಾಗಿತ್ತು. ಬೂಟಿನ ಮೂತಿಗೆ ಅದು ಸರಿಯಾಗಿ ಕೂತಿತ್ತು, ಲಾಡಿಯನ್ನು ಕಸ್ತೂರಿ ಹಿಂದೆ ಕಟ್ಟಿದ್ದಳು.

"ನೋಡ್ರಿ ಇದನ್ನ" ಎಂದು ಸುನಂದಕ್ಕ ನಾಚಿಕೊಂಡಳು. "ಇಡೀ ದಿನ ಇದಾ ಆಟ. ಬೂಟಿಗೆ ಕುಂಚಿಗಿ ಕಟ್ಟಿ, ತೊಡಿ ಮ್ಯಾಲೆ ಹಾಕ್ಕೊಂಡ ಜೋಗುಳ ಹಾಡ್ತಾಳ."

"ಥಂಡಿ ಆಕ್ಕತ್ರಿ ಅದಕ, ಹೊರಗ ಇರ್ತೈತಿ" ಎಂದಳು ಕಸ್ತೂರಿ ಗಂಭೀರವಾಗಿ.

ನಾನು ನಕ್ಕೆ. ಸುನಂದಕ್ಕ ನಗಲಿಲ್ಲ. ಬೂಟನ್ನು ಎತ್ತಿಕೊಂಡು ತಿರುಗಿಸಿದಳು, ಅಡಿಗೆ ಬೆರಳಾಡಿಸಿದಳು. ನೆಲಕ್ಕೆ ತಾಗುವ ಕಡೆ ಚರ್ಮ ಎಲ್ಲಿಯೂ ಕಾಣುತ್ತಿರಲಿಲ್ಲ. ಒಳಗೆ ಹೋಗಿ ಹಳೆಯ ಧೋತರದ ತುಂಡು ಮತ್ತು ಕತ್ತರಿ ತಂದು ಕಟ್ಟೆಯ ಮೇಲೆ ಕುಳಿತಳು. ನಾನು ಬೂಟಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಟ್ಟೆ, ಅವಳು ಕತ್ತರಿಸಿದಳು. ಡ್ರಾಯಿಂಗ್ ಕಲಿತದ್ದಕ್ಕೆ ನನಗೆ ಅಷ್ಟು ಸಂತೋಷ ಬೇರೆ ಯಾವತ್ತೂ ಆಗಿಲ್ಲ.

ಹೊಲಿದ ಚೀಲ ತೊಡಿಸಿ ಕಸ್ತೂರಿಯನ್ನು ಮನೆಯೊಳಗೆ ನಡೆಸಿದೆವು. ಫರಸಿ ಕಲ್ಲಿನ ಮೇಲೆ ಬಟ್ಟೆ ಜಾರಿತು, ಹುಡುಗಿ ದಬಕ್ಕನೆ ಬಿದ್ದಳು. ನಾನು ಎತ್ತಲು ಓಡಿದೆ, ಅವಳು ಬಿದ್ದಲ್ಲಿಂದಲೇ ನಕ್ಕಳು. ಸುನಂದಕ್ಕ ಗೋಣಿಚೀಲದ ತುಂಡು ತಂದು ಅಡಿಗೆ ಹೊಲಿದಳು. ಆಮೇಲೆ ಜಾರಲಿಲ್ಲ. ಕಸ್ತೂರಿ ಗೋಡೆ ಹಿಡಿದು ಅಡುಗೆಮನೆಯ ಬಾಗಿಲ ತನಕ ಹೋಗಿ ಅಲ್ಲಿಯೇ ನಿಂತು ತಾಯಿಯ ಮುಖ ನೋಡಿದಳು. ಸುನಂದಕ್ಕ, "ಬಾ, ರೊಟ್ಟಿ ಬುಟ್ಟಿ ತಗೊಂಡ ಬಾ" ಎಂದಳು.

ಇನ್ನು ಹೆಡ್‌ಮಾಸ್ತರು. ರಜೆಯಲ್ಲೂ ಶಾಲೆಗೆ ಬಂದು ಗಿಡಗಳಿಗೆ ನೀರು ಹಾಕುತ್ತಿದ್ದರು. ಚೀಲ ತೊಟ್ಟ ಬೂಟನ್ನು ಕೈಯಲ್ಲಿ ಹಿಡಿದು, ಕನ್ನಡಕ ಏರಿಸಿ, ಹೊಲಿಗೆಯನ್ನೆಲ್ಲ ಪರೀಕ್ಷೆ ಮಾಡಿದರು.

"ಇದರ ಒಳಗಿನ ಚರ್ಮ ನೆಲಕ್ಕ ಹತ್ತಂಗಿಲ್ಲ?"

"ಹತ್ತಂಗಿಲ್ರಿ."

"ಸಾಲಿ ಒಳಗ ಬಂದ ಮ್ಯಾಲ ಹಾಕ್ಕೋತಾಳ, ಹೊರಗ ಹೋಗೂ ಮುಂದ ತಗೀತಾಳ?"

"ಹೌದ್ರಿ ಸರ."

ಬಸಗೌಡರು ಬಹಳ ಯೋಚನೆ ಮಾಡಿದರು. ಆಮೇಲೆ ಅವರ ಮುಖ ಅರಳಿತು. "ಹಂಗಾದ್ರ ಇದು ಕಾಲಚೀಲ. ಕಾಲಚೀಲ ಹಾಕ್ಕೊಂಡ ಒಳಗ ಬರಬಾರದು ಅಂತ ನಾ ಯಾವತ್ತೂ ಹೇಳಿಲ್ಲ." ನಿಯಮ ಮುರಿಯಲಿಲ್ಲ, ನಿಯಮದೊಳಗೇ ಜಾಗ ಸಿಕ್ಕಿತು ಎಂಬ ಖುಷಿ ಅವರಿಗೆ. ನೆಲದ ಮೇಲೆ ಕುಳಿತರೆ ಏಳುವುದು ಕಷ್ಟ ಎಂದು ತಮ್ಮ ಕೋಣೆಯ ಬೆಂಚನ್ನು ಐದನೇ ತರಗತಿಗೆ ತಾವೇ ಎಳೆಸಿದರು. ಹೊಸದಾಗಿ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇದನ್ನೇ. ನಿಯಮದ ಮನುಷ್ಯರ ಜೊತೆ ಜಗಳ ಆಡಬೇಡಿ. ಅವರಿಗೆ ಹೌದು ಎನ್ನಲು ಒಂದು ದಾರಿ ಹುಡುಕಿಕೊಡಿ, ಆಮೇಲೆ ಅವರೇ ನಿಮಗಿಂತ ಮುಂದೆ ಹೋಗುತ್ತಾರೆ.

ಸಾಹೇಬರಿಗೂ ಕಾಲಚೀಲದ ವಾದವನ್ನೇ ಹೂಡಿದೆ. ಈ ಸಲ ಕರದಂಟು ಕೊಟ್ಟೆ. ಬಾಗಿಲಿನ ಪುಟ ಬದಲಾಯಿತು. ಹೊಸ ಪುಟದಲ್ಲಿ ಹುಡುಗಿ ಪಡಸಾಲೆಯ ಅಂಚಿಗೆ ಕುಳಿತು ಬೂಟಿಗೆ ಚೀಲ ತೊಡಿಸುತ್ತಿದ್ದಾಳೆ, ಬಾಜೂಕ್ಕೆ ಚಪ್ಪಲಿಗಳಷ್ಟೇ ಇವೆ. ಪುಸ್ತಕ ಹಂಚಿದ ಮೇಲೆ ಬೇರೆ ಹಳ್ಳಿಗಳಲ್ಲೂ ಅಂಥ ಚೀಲಗಳನ್ನು ನೋಡಿದೆ, ಒಂದೊಂದು ಊರಿನಲ್ಲಿ ಒಂದೊಂದು ಬಣ್ಣ. ಮೂಡಲಗಿಯಲ್ಲಿ ಒಬ್ಬ ಅಜ್ಜಿ ಅದಕ್ಕೆ ಗೊಂಡೆ ಕೂಡ ಕಟ್ಟಿದ್ದಳು. ಮುಂದೆ ಕಂಪ್ಯೂಟರ್ ಬಂತು, ಬಣ್ಣ ಕಲಸುವ ಕಷ್ಟ ತಪ್ಪಿತು. ಪೋಲಿಯೊ ಹನಿಗಳು ಮನೆಮನೆಗೆ ಬಂದವು, ಕ್ಯಾಲಿಪರ್ ಹಾಕುವ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದರು. ನನ್ನ ಆ ಪುಸ್ತಕ ಯಾರಿಗೂ ಬೇಡವಾದದ್ದು ಹೀಗೆ, ಅದಕ್ಕಿಂತ ಒಳ್ಳೆಯ ಸುದ್ದಿ ಇನ್ನೇನಿದೆ. ಆದರೆ ಬೇರೆ ಯಾವ ಪುಸ್ತಕ ಮಾಡಿದರೂ, ಈ ಪುಟದಿಂದ ಆ ಪುಟಕ್ಕೆ ಮಗು ಹೇಗೆ ಬಂತು ಎಂದು ಕೇಳಿಕೊಳ್ಳುವುದನ್ನು ನಿವೃತ್ತಿಯಾಗುವ ತನಕ ಬಿಡಲಿಲ್ಲ.

ಇನ್ನು ಹೇಳಲು ಉಳಿದದ್ದು ಆ ಪುಸ್ತಕದ ಕೊನೆಯ ಪುಟದ ಕಥೆ. ಸಾಹೇಬರು ಅಲ್ಲಿ ಓಟದ ಸ್ಪರ್ಧೆಯೇ ಬೇಕೆಂದು ಕುಳಿತಿದ್ದರು. ಜೂನ್ ತಿಂಗಳ ತನಕ ಗಡುವು ಕೇಳಿಕೊಂಡು, ಶಾಲೆ ಶುರುವಾದ ವಾರವೇ ಹುಕ್ಕೇರಿ ಬಸ್ಸು ಹತ್ತಿದೆ.

ಐದನೇ ತರಗತಿಯ ಹಿಂದಿನ ಗೋಡೆಗೆ ಒರಗಿ ಕುಳಿತಿದ್ದೆ. ಪಡಸಾಲೆಯ ಆ ತುದಿಯಿಂದ ಸದ್ದು ಕೇಳಿಸಿತು. ಒಂದು ಹೆಜ್ಜೆ ಮೆತ್ತಗೆ, ಒಂದು ಹೆಜ್ಜೆ ಗೋಣಿಯ ಧಪ್. ಕಸ್ತೂರಿ ಗೋಡೆ ಹಿಡಿದು ಬಂದಳು, ಲಂಗ ಇಸ್ತ್ರಿ ಮಾಡಿದ ಹಾಗೆಯೇ ಇತ್ತು. ಬೆಂಚಿನ ಮೇಲೆ ಕುಳಿತು ಮೊಣಕಾಲಿನ ಕೊಂಡಿ ತೆಗೆದಳು. ಅಷ್ಟರಲ್ಲಿ ಬಸಗೌಡರು ಒಳಗೆ ಬಂದರು. ಮಕ್ಕಳೆಲ್ಲ ಎದ್ದು ನಿಂತು ಉದ್ದಕ್ಕೆ ರಾಗ ಎಳೆದು, "ನಮಸ್ತೇ ಸರ್" ಎಂದರು. ನಾಲ್ಕು ವರ್ಷ ಕಸ್ತೂರಿ ಈ ನಮಸ್ತೆಯನ್ನು ಕುಳಿತೇ ಹೇಳಿದ್ದಳು. ಈಗ ಮತ್ತೆ ಕಾಲು ಚಾಚಿದಳು, ಕೊಂಡಿ ಹಾಕಿದಳು, ಬೆಂಚಿನ ಅಂಚು ಹಿಡಿದು ಎದ್ದಳು. ಅವಳು ನಿಲ್ಲುವಷ್ಟರಲ್ಲಿ ಉಳಿದವರ ನಮಸ್ತೆ ಮುಗಿದಿತ್ತು. ಅವಳೊಬ್ಬಳೇ ಹೇಳಿದಳು, "ನಮಸ್ತೇ ಸರ್."

"ಕುಂದರ್ರಿ" ಎಂದರು ಬಸಗೌಡರು. ಎಲ್ಲರೂ ಕುಳಿತರು. ಕಸ್ತೂರಿ ಕುಳಿತುಕೊಳ್ಳಲಿಲ್ಲ.

"ಯಾಕ ಕಸ್ತೂರಿ, ಏನರ ಕೇಳೂದೈತೇನು?"

"ಇಲ್ರಿ ಸರ. ಇನ್ನೊಂದೀಟ ನಿಂದರ್ತೇನ್ರಿ."

ನಾನು ಕೊನೆಯ ಪುಟಕ್ಕೆಂದು ತಂದಿದ್ದ ಹಾಳೆಯನ್ನು ಹೊರಗೆ ತೆಗೆದೆ.

ಹೆಡ್‌ಮಾಸ್ತರು ಹಲಗೆಯ ಕಡೆ ತಿರುಗಿ ಆ ದಿನದ ಪದ್ಯದ ಮೊದಲ ಸಾಲು ಬರೆದರು. ಕಸ್ತೂರಿ ನಿಂತುಕೊಂಡೇ ಅದನ್ನು ಓದಿದಳು.